ವಾರಂಟಿ ಮುಗಿದ ಹತ್ತೊಂಬತ್ತನೇ ದಿನ ಎಸಿ ಕೆಟ್ಟರೆ

ಕಾರಿನ ವಾರಂಟಿ ಮುಗಿದು 19 ದಿನಕ್ಕೆ ಎಸಿ ಕೆಟ್ಟಿದೆ, ಕಂಪ್ರೆಸರ್ ಹೋಗಿದೆ ಎಂದು ಸರ್ವಿಸ್ ಸೆಂಟರ್‌ನವರು 34,000 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ, ಕಟ್ಟಿಬಿಡಲೇ ಎಂದು ಕೇಳಿದ್ದೀರಿ. ಇವತ್ತಂತೂ ಕಟ್ಟಬೇಡಿ. ಮೊದಲು ಹಳೆಯ ಜಾಬ್ ಕಾರ್ಡ್‌ಗಳನ್ನೆಲ್ಲ, ಅಂದರೆ ಸರ್ವಿಸಿನಲ್ಲಿ ನಿಮ್ಮ ದೂರು, ಅವರು ಮಾಡಿದ ಕೆಲಸ ಬರೆದುಕೊಟ್ಟ ಹಾಳೆಗಳನ್ನೆಲ್ಲ ಹುಡುಕಿ ತೆಗೆಯಿರಿ.

ನನಗೆ ಇದೇ ಪಾಡು ಸ್ಟೀರಿಂಗ್‌ನಿಂದ ಬಂದಿತ್ತು. ತಿರುಗಿಸಿದರೆ ಕಟಕಟ ಸದ್ದು. ಒಂದು ಸಂಜೆ ಮನೆಯ ಗೇಟಿನೊಳಗೆ ತಿರುಗಿಸುವಾಗ ಕಲ್ಲಿನಂತೆ ಬಿಗಿದು ನಿಂತಿತು. ವಾರಂಟಿ ಮುಗಿದು ತಿಂಗಳೂ ಆಗಿರಲಿಲ್ಲ. ಕೌಂಟರಿನ ಹುಡುಗ ಕಂಪ್ಯೂಟರಿನಿಂದ ಮುಖವನ್ನೂ ಎತ್ತದೆ "ತಾರೀಕು ದಾಟಿದೆ ಸರ್" ಎಂದ. ಗ್ಲೋವ್ ಬಾಕ್ಸ್ ಜಾಲಾಡಿದಾಗ ಎಂಟು ತಿಂಗಳ ಹಿಂದಿನ ಸರ್ವಿಸಿನ ಹಾಳೆ ಸಿಕ್ಕಿತು. ಸ್ಟೀರಿಂಗ್‌ನಲ್ಲಿ ಸದ್ದು ಎಂದು ನಾನು ಹೇಳಿದ್ದು, ನೋಡಿದ್ದೇವೆ ಸರಿಯಿದೆ ಎಂದು ಅವರು ಬರೆದದ್ದು, ಕೆಳಗೆ ಅವರದೇ ಸೀಲು. ಆ ಒಂದು ಸಾಲೇ ನನ್ನನ್ನು ಕಾಪಾಡಿತು. ಅದರ ಫೋಟೊ ಸೇರಿಸಿ, ಡೀಲರಿಗಲ್ಲ, ಕಂಪನಿಯ ಗ್ರಾಹಕ ವಿಭಾಗಕ್ಕೇ ಇಮೇಲ್ ಬರೆದೆ.

ನೀವೂ ಹಾಗೆಯೇ ಇಮೇಲ್ ಬರೆಯಿರಿ, ಅದರಲ್ಲಿ "ಗುಡ್‌ವಿಲ್" ಎಂಬ ಪದವನ್ನು ಮರೆಯದೆ ಬಳಸಿ. ವಾರಂಟಿ ಮುಗಿದ ಹೊಸತರಲ್ಲಿ ರಿಪೇರಿಯ ಒಂದು ಪಾಲನ್ನು ಕಂಪನಿ ಹೊರುವುದಕ್ಕೆ ಆ ಹೆಸರು. ಹಕ್ಕಲ್ಲ, ಅವರ ಮರ್ಜಿ. ಸರ್ವಿಸನ್ನು ಹೊತ್ತುಹೊತ್ತಿಗೆ ಅವರಲ್ಲೇ ಮಾಡಿಸಿದ್ದರೆ ಸಿಗುವ ಸಂಭವ ಹೆಚ್ಚು. ಕೌಂಟರಿನವರು ತಾವಾಗಿ ಇದರ ಬಗ್ಗೆ ಬಾಯಿ ಬಿಡುವುದಿಲ್ಲ. ನನಗೆ ಬಿಡಿಭಾಗದ ಬೆಲೆಯಲ್ಲಿ ಮುಕ್ಕಾಲು ಪಾಲು ಬಿಟ್ಟರು, ಕೂಲಿ ನಾನು ಕೊಟ್ಟೆ. ಒಂಬತ್ತು ದಿನ ಆಟೊಗೆ ಸುರಿದದ್ದು ಬೇರೆ ಲೆಕ್ಕ.

ಒಪ್ಪದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಅಲ್ಲಿನ ಶುಲ್ಕ ನೀವು ಕೊಟ್ಟ ಬೆಲೆಯ ಮೇಲೆ ನಿಲ್ಲುತ್ತದೆ. 5ರಿಂದ 10 ಲಕ್ಷದೊಳಗಿನ ಕಾರಾದರೆ 200 ರೂಪಾಯಿ. ಆದರೆ ವಾರಂಟಿಯೊಳಗೇ ದೋಷವಿತ್ತು ಎಂಬುದಕ್ಕೆ ಕಾಗದವಿಲ್ಲದೆ ಅಲ್ಲಿಗೆ ಹೋದರೆ ಅಲೆದಾಟವೇ ಗಟ್ಟಿ.

ಇನ್ನು ನಿಮ್ಮ ಎಸಿಯ ಮಾತು. ಕಂಪ್ರೆಸರ್ ಹೋಗಿದೆ ಎಂದು ಹೇಗೆ ತೀರ್ಮಾನಿಸಿದರು ಎಂದು ಕೇಳಿದಿರಾ? ಗ್ಯಾಸಿನ ಒತ್ತಡ ಕುಸಿದರೆ ಚೆನ್ನಾಗಿರುವ ಕಂಪ್ರೆಸರೂ ಓಡುವುದಿಲ್ಲ, ಓಡದಂತೆ ಒಂದು ಸ್ವಿಚ್ ತಡೆಯುತ್ತದೆ. ಗ್ಯಾಸು ಸೋರುವುದು ಎಷ್ಟೋ ಸಲ ರೇಡಿಯೇಟರಿನ ಮುಂದಿರುವ, ಗ್ಯಾಸಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರಿನಿಂದ. ರಸ್ತೆಯ ಜಲ್ಲಿ ಸಿಡಿದು ತೂತಾಗಲು ಅದಕ್ಕೆ ಹೆಚ್ಚು ಹೊತ್ತು ಬೇಡ. ಅದರ ಬೆಲೆ ಸಾಮಾನ್ಯವಾಗಿ ಕಂಪ್ರೆಸರಿಗಿಂತ ಎಷ್ಟೋ ಕಡಿಮೆ. ಕಾರಿನ ಎಸಿ ಕೆಲಸವನ್ನೇ ಮಾಡುವ ಗ್ಯಾರೇಜಿನಲ್ಲಿ ಸೋರಿಕೆಯ ಪರೀಕ್ಷೆ ಮಾಡಿಸಿ. ಪರೀಕ್ಷೆ ಮಾತ್ರ. ಕಂಪನಿಯ ಉತ್ತರ ಬರುವವರೆಗೆ ಒಂದು ಬೋಲ್ಟನ್ನೂ ಬಿಚ್ಚಲು ಬಿಡಬೇಡಿ, ಹೊರಗಿನವರು ಕೈ ಹಾಕಿದ್ದಾರೆ ಎಂಬ ನೆಪ ಅವರಿಗೆ ಸಿಕ್ಕಿಬಿಡುತ್ತದೆ.