ತಂತಿ ತಕರಾರು: ಓವರ್‌ಡ್ರೈವ್, ಡಿಸ್ಟಾರ್ಷನ್, ಮತ್ತೆ ಅಪ್ಪನ ತಂಬೂರಿ

ಪ್ರಶ್ನೆ: ಸರ್, ನಾನು ಡಿಗ್ರಿ ಎರಡನೇ ವರ್ಷ. ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅದುರನ್ನು ವಿದ್ಯುತ್ ಸಿಗ್ನಲ್ ಮಾಡುವ ಒಂಟಿ ಸುರುಳಿ) ಇರುವ ಗಿಟಾರ್ ಇದೆ, ಜೊತೆಗೆ 15 ವ್ಯಾಟ್‌ನ ಸಣ್ಣ ಟ್ರಾನ್ಸಿಸ್ಟರ್ ಆಂಪ್ (ಸದ್ದು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ). ಪೆಡಲ್‌ಗೆ (ಗಿಟಾರಿನ ಸದ್ದು ಬದಲಿಸಲು ಕಾಲಲ್ಲಿ ಒತ್ತುವ ಪೆಟ್ಟಿಗೆ) ಅಂತ 7,000 ರೂಪಾಯಿ ಕೂಡಿಟ್ಟಿದ್ದೇನೆ. ಬಾಸ್ (Boss) ಕಂಪನಿಯ ಎಸ್‌ಡಿ-1, ಡಿಎಸ್-1, ಟ್ಯೂಬ್ ಸ್ಕ್ರೀಮರ್, ರ್ಯಾಟ್ ಅಂತ ವಿಡಿಯೊ ನೋಡಿ ನೋಡಿ ತಲೆ ಕೆಟ್ಟಿದೆ, ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತವೆ. ಅಪ್ಪ ಹಿಂದೂಸ್ತಾನಿ ಹಾಡುತ್ತಾರೆ. 'ಚಲೋ ದನಿ ಕೆಡಿಸಾಕ ಮ್ಯಾಲ ರೊಕ್ಕ ಬ್ಯಾರೆ ಕೊಡ್ತೀಯೇನು?' ಅಂತ ಕೇಳುತ್ತಾರೆ. ಯಾವುದನ್ನು ಕೊಳ್ಳಲಿ, ಅಪ್ಪನಿಗೆ ಏನು ಹೇಳಲಿ?
— ಓದುಗ, ವಿದ್ಯಾಗಿರಿ, ಧಾರವಾಡ

ಉತ್ತರ: ಮೊದಲು ಅಪ್ಪನ ವಿಷಯ ಮುಗಿಸೋಣ. ಅವರ ತಂಬೂರಿಯ ಕುದುರೆಯ (ತಂತಿಗಳು ಹಾದುಹೋಗುವ ಪಟ್ಟಿ) ಮೇಲೆ, ತಂತಿಯ ಕೆಳಗೆ ಸಣ್ಣ ಹತ್ತಿ ದಾರ ಇರುತ್ತದೆ ನೋಡಿ. ಅದನ್ನು ತೆಗೆದು ಒಮ್ಮೆ ಮೀಟಿ (ಕೇಳಿಯೇ ತೆಗೆಯಿರಿ, ಇಲ್ಲದಿದ್ದರೆ ಪೆಡಲ್ ಮಾತೇ ಎತ್ತಬೇಡಿ). ದನಿ ಟಣ್ ಅಂತ ಬಂದು ಸುಮ್ಮನಾಗುತ್ತದೆ. ಈಗ ದಾರ ಮತ್ತೆ ಸೇರಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ಜರುಗಿಸುತ್ತಾ ಮೀಟುತ್ತಾ ಹೋಗಿ. ಒಂದು ಜಾಗಕ್ಕೆ ಬಂದಾಗ ಇಡೀ ಕೋಣೆ ಝೇಂಕರಿಸುತ್ತದೆ. ಅದೇ ಜವಾರಿ. ತಂತಿ ಕುದುರೆಯ ಬೆನ್ನನ್ನು ಸವರಿಕೊಂಡು ಅದುರುವಾಗ ಮೂಲ ಸ್ವರದ ಜೊತೆ ಅದರ ಮೇಲಿನ ಸ್ವರಗಳೂ ಎದ್ದು ಬರುತ್ತವೆ. ಶುದ್ಧ ದನಿಗೆ ಬೇಕಂತಲೇ ಸ್ವಲ್ಪ ಕರಕರ ಸೇರಿಸುವ ಕೆಲಸ ಇದು, ಅಲ್ವಾ? ಪೆಡಲ್ ಮಾಡುವುದೂ ಹೆಚ್ಚುಕಡಿಮೆ ಇದೇ. ಅಲ್ಲಿ ದಾರದ ಜಾಗದಲ್ಲಿ ಡಯೋಡ್ ಅನ್ನುವ ಸಣ್ಣ ಎಲೆಕ್ಟ್ರಾನಿಕ್ ಬಿಡಿಭಾಗ ಇರುತ್ತದೆ, ಪೆಡಲ್ ಗಿಟಾರಿನ ಸಿಗ್ನಲ್ ದೊಡ್ಡದು ಮಾಡಿದಾಗ ಅದು ಅಲೆಯ ತುದಿ ಕತ್ತರಿಸುತ್ತದೆ, ಆಗ ಹೊಸ ಮೇಲಿನ ಸ್ವರಗಳು ಹುಟ್ಟುತ್ತವೆ.

ಹಾಗಂತ ಅಪ್ಪನ ಮಾತೂ ಪೂರ್ತಿ ಸುಳ್ಳಲ್ಲ. ಇದು ಶುರುವಾದದ್ದೇ ಕೆಟ್ಟುಹೋದ ಯಂತ್ರದಿಂದ. 1960ರ ದಶಕದ ಶುರುವಿನಲ್ಲಿ ಅಮೆರಿಕದ ನ್ಯಾಶ್‌ವಿಲ್ ಊರಿನ ಸ್ಟುಡಿಯೊದಲ್ಲಿ ಮಿಕ್ಸರ್‌ನ ಒಂದು ಚಾನೆಲ್ ಹಾಳಾಗಿ ಬಾಸ್ ಗಿಟಾರ್ (ಕೆಳಗಿನ ದಪ್ಪ ಸ್ವರಗಳ ಗಿಟಾರ್) ಗುರ್ರ್ ಅಂದಿತ್ತು. ಜನಕ್ಕೆ ಅದೇ ಇಷ್ಟವಾಯಿತು. 1962ರಲ್ಲಿ ಅದೇ ಸದ್ದು ಕೊಡುವ ಮೇಸ್ಟ್ರೊ ಫಜ್-ಟೋನ್ ಅನ್ನುವ ಪೆಟ್ಟಿಗೆ ಮಾರಾಟಕ್ಕೆ ಬಂತು.

ಈಗ ನಿಮ್ಮ ಪಟ್ಟಿ. ಟ್ಯೂಬ್ ಸ್ಕ್ರೀಮರ್ (ಮೊದಲ ಟಿಎಸ್808 ಬಂದದ್ದು 1979ರಲ್ಲಿ) ಮತ್ತು ಎಸ್‌ಡಿ-1 (1981) ಓವರ್‌ಡ್ರೈವ್‌ಗಳು. ಇವುಗಳಲ್ಲಿ ಡಯೋಡ್‌ಗಳು ಸಿಗ್ನಲ್ ದೊಡ್ಡದು ಮಾಡುವ ಚಿಪ್‌ನ ಫೀಡ್‌ಬ್ಯಾಕ್ ದಾರಿಯಲ್ಲಿ (ಹೊರಬಂದ ಸಿಗ್ನಲ್ ಮತ್ತೆ ಒಳಗೆ ಮರಳುವ ದಾರಿ) ಕೂತಿರುತ್ತವೆ, ಅಲೆಯ ತುದಿಯನ್ನು ಗುಂಡಗೆ ಒತ್ತುತ್ತವೆ. ಎಸ್‌ಡಿ-1ರಲ್ಲಿ ಒಂದು ಕಡೆ ಒಂದು ಡಯೋಡ್, ಇನ್ನೊಂದು ಕಡೆ ಎರಡು. ಅಲೆಯ ಮೇಲ್ಭಾಗ, ಕೆಳಭಾಗ ಸಮ ಕತ್ತರಿಸುವುದಿಲ್ಲ, ಅದಕ್ಕೇ ಅದರ ಸದ್ದಿಗೆ ಸ್ವಲ್ಪ ಒರಟು. ಡಿಎಸ್-1 (1978) ಮತ್ತು ರ್ಯಾಟ್ ಡಿಸ್ಟಾರ್ಷನ್‌ಗಳು. ಇವುಗಳಲ್ಲಿ ಚಿಪ್ ದಾಟಿದ ಮೇಲೆ ಡಯೋಡ್‌ಗಳು ಸಿಗ್ನಲ್ಲನ್ನು ನೇರ ಗ್ರೌಂಡಿಗೆ (ಸರ್ಕ್ಯೂಟಿನ ಸೊನ್ನೆ ವೋಲ್ಟ್ ಕಡೆಗೆ) ಎಳೆಯುತ್ತವೆ. ತುದಿ ಚಪ್ಪಟೆಯಾಗಿ, ಕೊಡಲಿಯಿಂದ ಕಡಿದಂತೆ. ಕೈಗೆ ಗೊತ್ತಾಗುವ ವ್ಯತ್ಯಾಸ ಇಷ್ಟೇ: ಓವರ್‌ಡ್ರೈವ್ ಕೈಯ ಮಾತು ಕೇಳುತ್ತದೆ, ಮೆಲ್ಲಗೆ ಮೀಟಿದರೆ ಸ್ವಚ್ಛ, ಜೋರಾಗಿ ಮೀಟಿದರೆ ಗುರುಗುಟ್ಟುತ್ತದೆ. ಡಿಸ್ಟಾರ್ಷನ್ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು ಉದ್ದಕ್ಕೆ ಎಳೆಯುತ್ತದೆ.

ಇನ್ನೊಂದು ತಮಾಷೆ. ಡಿಸ್ಟಾರ್ಷನ್ ಹಾಕಿ ಸಿ ಮೇಜರ್ ಕಾರ್ಡ್ (ಷಡ್ಜ, ಗಾಂಧಾರ, ಪಂಚಮ ಒಟ್ಟಿಗೆ) ಆರೂ ತಂತಿಯಲ್ಲಿ ಬಾರಿಸಿ, ಕಲಸುಮೇಲೋಗರ ಆಗುತ್ತದೆ. ಎರಡು ಮೂರು ಸ್ವರ ಒಟ್ಟಿಗೆ ಹೋದಾಗ ಪೆಡಲ್ ಅವುಗಳನ್ನು ಕೂಡಿಸಿ ಕಳೆದು ಬೇರೆ ಸ್ವರಗಳನ್ನೂ ಹುಟ್ಟಿಸುತ್ತದೆ, ಗಾಂಧಾರ ಇದ್ದರೆ ಅವು ಹೊಂದುವುದಿಲ್ಲ. ಗಾಂಧಾರ ಬಿಟ್ಟು ಬರೀ ಷಡ್ಜ ಪಂಚಮ ಬಾರಿಸಿ, ಗೋಡೆ ನಿಂತಂತೆ ನಿಲ್ಲುತ್ತದೆ. ರಾಕ್‌ನವರು ಪವರ್ ಕಾರ್ಡ್ ಅನ್ನುವುದು ಇದನ್ನೇ. ಅಪ್ಪನ ತಂಬೂರಿಯ ನಾಲ್ಕು ತಂತಿಯ ಶ್ರುತಿ ಏನು? ಪ-ಸ-ಸ-ಸ. ಇದನ್ನು ಅವರ ಮುಂದೆ ಹೇಳಿ ನೋಡಿ, ಮಿಕ್ಕ ರೊಕ್ಕ ಅವರೇ ಕೊಡಬಹುದು.

ನನ್ನ ಓಟು ಎಸ್‌ಡಿ-1ಗೆ. ಟ್ಯೂಬ್ ಸ್ಕ್ರೀಮರ್ ಅದಕ್ಕಿಂತ ದುಬಾರಿ, ಮತ್ತೆ ಅದರ ಹೆಸರು ಬೆಳೆದದ್ದು ಆಗಲೇ ಸದ್ದು ಒಡೆಯಲು (ಕರಕರ ಅನ್ನಲು) ಶುರುವಾದ ವಾಲ್ವ್ ಆಂಪನ್ನು, ಅಂದರೆ ಹಳೇ ರೇಡಿಯೊದಂತೆ ಗಾಜಿನ ಕೊಳವೆ ಇರುವ ಆಂಪನ್ನು, ಇನ್ನಷ್ಟು ತಳ್ಳುವುದರಲ್ಲಿ. ವಿಡಿಯೊದಲ್ಲಿ ನೀವು ಕೇಳಿದ್ದು ಅರ್ಧ ಪೆಡಲ್, ಅರ್ಧ ಆಂಪ್. ನಿಮ್ಮ ಟ್ರಾನ್ಸಿಸ್ಟರ್ ಆಂಪ್ ಹಾಗೆ ಒಡೆಯುವುದಿಲ್ಲ. ಅದನ್ನು ಕ್ಲೀನ್ ಚಾನೆಲ್‌ನಲ್ಲೇ ಇಟ್ಟು ಪೆಡಲ್‌ನ ಡ್ರೈವ್ ನಾಬ್ (ಕರಕರ ಎಷ್ಟು ಅಂತ ಹೇಳುವ ತಿರುಗಣೆ) ಅರ್ಧ ದಾಟಿಸಿ ಸದ್ದೆಲ್ಲ ಪೆಡಲ್‌ನಿಂದಲೇ ತೆಗೆಯಬೇಕು. ಸಿಂಗಲ್ ಕಾಯಿಲ್‌ನ ಚುರುಕು, ಸಣ್ಣ ಸ್ಪೀಕರ್‌ನ ಚುರುಕು, ಅದರ ಮೇಲೆ ಡಿಎಸ್-1ರ ಚುರುಕು ಸೇರಿದರೆ ಕಿವಿಗೆ ಸೂಜಿ ಚುಚ್ಚಿದಂತೆ ಆಗುತ್ತದೆ. ಇಲ್ಲ ಸರ್, ನನಗೆ ಜೋರು ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಬೇಕೇ ಬೇಕು ಅಂದರೆ ಡಿಎಸ್-1 ತಗೊಳ್ಳಿ, ಟೋನ್ ನಾಬ್ ಮಾತ್ರ ಗಡಿಯಾರದ ಒಂಬತ್ತು ಗಂಟೆ ಕಡೆ ಇರಲಿ. ರ್ಯಾಟ್ ಸಿಕ್ಕಿದರೆ ನೆನಪಿಡಿ, ಅದರ ಫಿಲ್ಟರ್ ನಾಬ್ ಉಲ್ಟಾ, ಬಲಕ್ಕೆ ತಿರುಗಿಸಿದಷ್ಟೂ ಸದ್ದು ಮಂಕಾಗುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರ್ ಹೊತ್ತುಕೊಂಡು ಹೋಗಿ, ಚಿಗರಿ ಬಸ್ಸಿನಲ್ಲಿ ಜಾಗ ಸಿಗುತ್ತದೆ. ನಾನು ಮೊದಲ ಪೆಡಲ್ ಕೊಂಡಾಗ ಅಂಗಡಿಯ ದುಬಾರಿ ಗಿಟಾರ್, ಅಂಗಡಿಯ ದೊಡ್ಡ ಆಂಪ್‌ನಲ್ಲಿ ಕೇಳಿ ಕೊಂಡೆ. ಎರಡು ಪೆಡಲ್ ಹೋಲಿಸಿದ್ದೆ. ಒಂದರ ಸದ್ದು 'ತುಂಬಿಕೊಂಡಿದೆ' ಅನ್ನಿಸಿತು, ಅದನ್ನೇ ಕಟ್ಟಿಸಿಕೊಂಡು ಬಂದೆ. ಮನೆಗೆ ಬಂದು ನೋಡಿದರೆ ಅದರ ಲೆವೆಲ್ (ಸದ್ದಿನ ಮಟ್ಟದ) ನಾಬ್ ಇನ್ನೊಂದಕ್ಕಿಂತ ಮೇಲಿತ್ತು, ಅಷ್ಟೇ! ಜೋರಾಗಿದ್ದದ್ದು ಕಿವಿಗೆ ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ. ಆದ್ದರಿಂದ ಪೆಡಲ್ ಹಾಕಿದಾಗಲೂ ತೆಗೆದಾಗಲೂ ಸದ್ದಿನ ಮಟ್ಟ ಒಂದೇ ಇರುವಂತೆ ಲೆವೆಲ್ ಹೊಂದಿಸಿ, ಆಮೇಲೆ ಗೆಳೆಯನಿಗೆ ಪೆಡಲ್ ಬದಲಾಯಿಸಲು ಹೇಳಿ ನೀವು ಬೆನ್ನು ತಿರುಗಿಸಿ ಕೂತು ಬಾರಿಸಿ. ಬಣ್ಣ, ಹೆಸರು, ಬೆಲೆ ಯಾವುದೂ ಕಾಣಬಾರದು. ಗಿಟಾರಿನ ವಾಲ್ಯೂಮ್ ಅರ್ಧಕ್ಕೆ ಇಳಿಸಿ, ಸದ್ದು ಸ್ವಚ್ಛವಾಗುತ್ತದೋ ಇಲ್ಲ ಬರೀ ಸಣ್ಣದಾಗುತ್ತದೋ ಕೇಳಿ. ಕೊನೆಗೆ ತಂತಿಗಳ ಮೇಲೆ ಕೈ ಇಟ್ಟು ಸುಮ್ನೆ ಕೂತು ಬರುವ ಗುಂಯ್, ಸುಯ್ ಎಷ್ಟು ಅಂತ ಗಮನಿಸಿ. ಸಿಂಗಲ್ ಕಾಯಿಲ್ ಆದ್ದರಿಂದ ಗುಂಯ್ ಸ್ವಲ್ಪ ಇದ್ದೇ ಇರುತ್ತದೆ, ಅದಕ್ಕೆ ಪೆಡಲ್‌ನ್ನು ಬೈಯಬೇಡಿ.

ಪ್ರಶ್ನೆ: ಪೆಡಲ್‌ಗೆ 9 ವೋಲ್ಟ್ ಬ್ಯಾಟರಿ ಹಾಕಿದರೆ ವಾರದಲ್ಲಿ ಖಾಲಿ. ನಾನು ದಿನಕ್ಕೆ ಅರ್ಧ ಗಂಟೆ ಮಾತ್ರ ಬಾರಿಸುತ್ತೇನೆ, ಸ್ವಿಚ್ಚೂ ಆಫ್ ಮಾಡುತ್ತೇನೆ. ಪೆಡಲ್ ಕೆಟ್ಟಿದೆಯಾ? ಮನೆಯಲ್ಲಿರುವ ಕೀಬೋರ್ಡ್ ಅಡಾಪ್ಟರ್ ಹಾಕಬಹುದಾ?
— ಓದುಗಿ, ಗದಗ

ಉತ್ತರ: ಕೆಟ್ಟಿಲ್ಲ. ನೀವು ಆಫ್ ಮಾಡುತ್ತಿರುವುದು ಎಫೆಕ್ಟ್ ಮಾತ್ರ. ಬ್ಯಾಟರಿಯ ನಿಜವಾದ ಸ್ವಿಚ್ ಗಿಟಾರಿನ ವೈರ್ ಸೇರಿಸುವ ಇನ್‌ಪುಟ್ ತೂತು. ವೈರ್ ಅದರಲ್ಲಿ ಇರುವವರೆಗೂ ಬ್ಯಾಟರಿ ಹರಿಯುತ್ತಲೇ ಇರುತ್ತದೆ. ಬಾರಿಸಿದ ಮೇಲೆ ಎಳೆದು ತೆಗೆಯಿರಿ. ಕೀಬೋರ್ಡ್ ಅಡಾಪ್ಟರ್ ಬೇಡ. ಈ ಪೆಡಲ್‌ಗಳಿಗೆ ಬೇಕಾದದ್ದು 9 ವೋಲ್ಟ್ ಡಿಸಿ, ಪಿನ್ನಿನ ಒಳಗೆ ಮೈನಸ್, ಹೊರಗೆ ಪ್ಲಸ್. ಎಷ್ಟೋ ಕೀಬೋರ್ಡ್‌ಗಳದ್ದು 12 ವೋಲ್ಟ್, ಒಳಗೆ ಪ್ಲಸ್. ಅಡಾಪ್ಟರ್ ಮೇಲಿನ ಸಣ್ಣ ವೃತ್ತದ ಚಿತ್ರ ನೋಡಿಯೇ ಸೇರಿಸಿ.

ಪ್ರಶ್ನೆ: ಅಣ್ಣ, ನಮ್ಮದು ಆರ್ಕೆಸ್ಟ್ರಾ. ಜಾತ್ರೆ, ಗಣಪತಿ ಪೆಂಡಾಲ್, ರಸಮಂಜರಿ ಎಲ್ಲಾ ಕಡೆ ಹೋಗ್ತೀವಿ. ನನ್ನ ಹತ್ತಿರ ಬಾಸ್ ಕಂಪನಿಯ ಮೆಟಲ್ ಜೋನ್ ಡಿಸ್ಟಾರ್ಷನ್ ಪೆಡಲ್ ಇದೆ. ಮನೆಯಲ್ಲಿ ಆಂಪ್‌ಗೆ ಹಾಕಿದರೆ ಬೆಂಕಿ. ಸ್ಟೇಜ್ ಮೇಲೆ ಪೆಡಲ್‌ನಿಂದ ನೇರ ಮಿಕ್ಸರ್‌ಗೆ ಕೊಟ್ಟರೆ ಡಬ್ಬಿಯೊಳಗೆ ಜೇನುನೊಣ ಬಿಟ್ಟಂಗೆ. ಕೀಬೋರ್ಡ್, ರಿದಂ ಪ್ಯಾಡ್ ಶುರುವಾದರೆ ನಾನು ಇದ್ದೀನೋ ಇಲ್ಲವೋ ಗೊತ್ತಾಗಲ್ಲ. ಬೇರೆ ಡಿಸ್ಟಾರ್ಷನ್ ತಗೊಳ್ಳಲಾ?
— ಓದುಗ, ರಾಣೆಬೆನ್ನೂರು

ಉತ್ತರ: ಬೇಡ ತಮ್ಮ, ಇನ್ನೊಂದು ತಂದರೂ ಇನ್ನೊಂದು ಜಾತಿಯ ಜೇನುನೊಣ ಅಷ್ಟೇ. ಇಲ್ಲಿ ಎರಡು ತಪ್ಪಿದೆ, ಎರಡೂ ಪೆಡಲ್‌ನದ್ದಲ್ಲ.

ಗಿಟಾರ್ ಆಂಪ್‌ನ ಸ್ಪೀಕರ್ ಮೊಂಡು. ಸುಮಾರು 5,000 ಹರ್ಟ್ಜ್ ದಾಟಿದ ಸದ್ದನ್ನು ಅದು ಹೊರಗೆ ಬಿಡುವುದೇ ಕಡಿಮೆ. ಡಿಸ್ಟಾರ್ಷನ್ ಹುಟ್ಟಿಸುವ ಚರಚರ ಇರುವುದು ಅಲ್ಲೇ. ಆಂಪ್ ಅದನ್ನು ಸೋಸುತ್ತದೆ, ಚಹಾ ಸೋಸಿದ ಹಾಗೆ. ಪಿಎ ಸ್ಪೀಕರ್‌ಗೆ (ಜನರ ಕಡೆ ಇಡುವ ದೊಡ್ಡ ಸ್ಪೀಕರ್) ಚೂಪು ಸದ್ದಿಗೆಂದೇ ಟ್ವೀಟರ್ ಇರುತ್ತದಲ್ಲ, ಅದು ಚರಟ ಸಮೇತ ಜನರ ಕಿವಿಗೆ ಸುರಿಯುತ್ತದೆ. ಸಣ್ಣ ಆಂಪ್ ಇದ್ದರೂ ಸಾಕು, ಸ್ಟೇಜಿಗೆ ಒಯ್ದು ಎದುರಿಗೆ ಮೈಕ್ ಇಡಿಸಿ. ಹಾಡುವ ಮೈಕ್ ಆದರೂ ನಡೆಯುತ್ತದೆ. ಸ್ಪೀಕರ್‌ನ ನಡುಮಧ್ಯಕ್ಕೆ ಹಿಡಿದರೆ ಸದ್ದು ಚೂಪು, ಅಂಚಿನ ಕಡೆ ಸರಿಸಿದರೆ ಮೃದು. ಆಂಪ್ ಹೊರಲು ಟೆಂಪೊದಲ್ಲಿ ಜಾಗವಿಲ್ಲ ಅನ್ನುವುದಾದರೆ ಕ್ಯಾಬ್ ಸಿಮ್ಯುಲೇಟರ್ ಅಂತ ಬರುತ್ತದೆ, ಆಂಪ್‌ನ ಸ್ಪೀಕರ್ ಹಾಗೇ ಸೋಸುವ ಪೆಟ್ಟಿಗೆ, ಪೆಡಲ್‌ಗೂ ಮಿಕ್ಸರ್‌ಗೂ ನಡುವೆ ಹಾಕುವುದು. ಹೊಸ ಡಿಸ್ಟಾರ್ಷನ್‌ಗೆ ಇಟ್ಟ ದುಡ್ಡು ಅದಕ್ಕೆ ಹಾಕಿ. ಅಲ್ಲಿಯವರೆಗೆ ಮಿಕ್ಸರ್‌ನವರಿಗೆ ನಿಮ್ಮ ಚಾನೆಲ್‌ನ ಹೈ ಇಳಿಸಲು ಹೇಳಿ.

ಎರಡನೆಯದು ಮಿಡಲ್ ನಾಬ್. ಬಹುಶಃ ಅದನ್ನು ಸೊನ್ನೆಗೆ ಇಳಿಸಿ ಲೋ, ಹೈ ಎರಡೂ ಪೂರ್ತಿ ಏರಿಸಿದ್ದೀರಿ. ನಾನೂ ಮಾಡಿದ್ದೆ! ಹುಬ್ಬಳ್ಳಿಯ ಒಂದು ಗಣಪತಿ ಪೆಂಡಾಲಿನಲ್ಲಿ ಬೆವರಿಳಿಸಿ ಸೋಲೊ ಬಾರಿಸಿ ಕೆಳಗೆ ಇಳಿದರೆ, ಮುಂದಿನ ಸಾಲಿನಲ್ಲಿದ್ದ ನನ್ನ ಸೋದರಮಾವ 'ನಿನ್ನ ವೈರ್ ಕಿತ್ತಿತ್ತೇನೋ?' ಅಂದರು. ಒಬ್ಬರೇ ಬಾರಿಸುವಾಗ ಮಿಡಲ್ ಇಲ್ಲದ ಸದ್ದು ದೊಡ್ಡದು ಅನ್ನಿಸುತ್ತದೆ. ಗುಂಪಿನಲ್ಲಿ ಕೆಳಗಿನ ಜಾಗ ಬಾಸ್ ಗಿಟಾರ್ ಮತ್ತು ಪ್ಯಾಡ್‌ನದು, ಮೇಲಿನ ಜಾಗ ಸಿಂಬಲ್‌ನದು. ಗಿಟಾರಿಗೆ ಉಳಿಯುವುದೇ ಮಧ್ಯದ ಜಾಗ, ಅದನ್ನು ನೀವೇ ಕೊಟ್ಟುಬಿಟ್ಟಿದ್ದೀರಿ. 1991ರಿಂದ ಮೆಟಲ್ ಜೋನ್ ಬೈಗುಳ ತಿನ್ನುತ್ತಿರುವುದು ಮುಖ್ಯವಾಗಿ ಈ ಒಂದು ನಾಬ್‌ನಿಂದ ಅಂತ ನನ್ನ ಅನಿಸಿಕೆ. ಅದರ ಇಕ್ಯೂ (ಲೋ, ಮಿಡಲ್, ಹೈ ಏರಿಸಿ ಇಳಿಸುವ ಭಾಗ) ಬಹಳ ಬಲವಾದದ್ದು, ಮಿಡಲ್ ಎಲ್ಲಿ ಕೂರಬೇಕು ಅಂತ ಆರಿಸಲು ಬೇರೆ ನಾಬೇ ಕೊಟ್ಟಿದ್ದಾರೆ. ಮಿಡಲ್ ಅರ್ಧಕ್ಕಿಂತ ಸ್ವಲ್ಪ ಮೇಲೆ, ಡಿಸ್ಟಾರ್ಷನ್ ಮನೆಯಲ್ಲಿ ಇಡುವುದರ ಅರ್ಧ. ಮನೆಯಲ್ಲಿ ಕೇಳಿದರೆ ಮೂಗಿನಲ್ಲಿ ಮಾತಾಡಿದಂತೆ ಅನ್ನಿಸುತ್ತದೆ. ಆ ಸೆಟ್ಟಿಂಗೇ ಸ್ಟೇಜಿಗೆ ಒಯ್ಯಿರಿ.

ಪ್ರಶ್ನೆ: ಗೆಳೆಯರೊಬ್ಬರು ಕ್ಲೋನ್ (Klon, ಇದು ಕಂಪನಿಯ ಹೆಸರು) ಸೆಂಟಾರ್ ಪೆಡಲ್ 4,000 ರೂಪಾಯಿಗೆ ಕೊಡುತ್ತೇನೆ, ಒರಿಜಿನಲ್ ಅನ್ನುತ್ತಿದ್ದಾರೆ. ತಗೊಳ್ಳಬಹುದಾ?
— ಓದುಗ, ಹಳೇ ಹುಬ್ಬಳ್ಳಿ

ಉತ್ತರ: ಪೆಡಲ್ ತಗೊಳ್ಳಬಹುದು, ಒರಿಜಿನಲ್ ಅನ್ನುವ ಮಾತು ತಗೊಳ್ಳಬೇಡಿ. ಬಿಲ್ ಫಿನೆಗನ್ ಅನ್ನುವವರು 1994ರಿಂದ ಕೈಯಲ್ಲಿ ಮಾಡಿದ ಓವರ್‌ಡ್ರೈವ್ ಅದು, ಒಟ್ಟು ಸುಮಾರು 8,000 ಮಾತ್ರ. ಯಾರೂ ನಕಲು ಮಾಡಬಾರದು ಅಂತ ಒಳಗಿನ ಬೋರ್ಡಿಗೆ ಎಪಾಕ್ಸಿ ಮೆತ್ತಿದ್ದರು. ನಕಲು ಆಗಿಯೇ ಆಯಿತು. ಇವತ್ತು ಅಸಲಿ ಪೆಡಲ್‌ನ ಬೆಲೆ ಲಕ್ಷಗಳಲ್ಲಿದೆ. ಈ ಗದ್ದಲ ನನ್ನ ಕೆಲಸವಲ್ಲ ಅಂತ ಫಿನೆಗನ್ ತಮ್ಮ ಮುಂದಿನ ಕೆಟಿಆರ್ ಪೆಡಲ್‌ನ ಮೈಮೇಲೇ ಅಚ್ಚು ಹಾಕಿಸಿದ್ದಾರೆ ಅಂದರೆ ನೋಡಿ. ನಕಲು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಎಲೆಕ್ಟ್ರೊ-ಹಾರ್ಮೊನಿಕ್ಸ್ ಕಂಪನಿಯ ಸೋಲ್ ಫುಡ್ ಇದೇ ಸರ್ಕ್ಯೂಟ್ ನೋಡಿ ಮಾಡಿದ್ದು, ರಾಜಾರೋಷವಾಗಿ ಮಾರುತ್ತಾರೆ. ಇದರ ವಿಶೇಷ ಏನೆಂದರೆ ಒಡೆದ ಸದ್ದಿನ ಜೊತೆ ಗಿಟಾರಿನ ಸ್ವಚ್ಛ ಸದ್ದನ್ನೂ ಬೆರೆಸುತ್ತದೆ, ಗೇನ್ (ಡ್ರೈವ್‌ನಂಥದೇ ನಾಬ್) ಕಡಿಮೆ ಇಟ್ಟಾಗ ತಂತಿಯ ಗುಣ ಹಾಗೇ ಉಳಿಯುತ್ತದೆ. ಕೈಯಾರೆ ಬಾರಿಸಿ ನೋಡಿ, ಸ್ವಿಚ್ ಮೂವತ್ತು ಸಲ ಒತ್ತಿ, ನಾಬ್ ತಿರುಗಿಸುವಾಗ ಕರಕರ ಬರುತ್ತದಾ ಕೇಳಿ. ಚೆನ್ನಾಗಿದ್ದರೆ ನಕಲಿನ ಬೆಲೆಗೆ ಚೌಕಾಸಿ ಮಾಡಿ.

ಪ್ರಶ್ನೆ: ಓವರ್‌ಡ್ರೈವ್, ಡಿಸ್ಟಾರ್ಷನ್ ಎರಡೂ ಇದ್ದರೆ ಯಾವುದು ಮೊದಲು?
— ಓದುಗ, ಹಾವೇರಿ

ಉತ್ತರ: ಗಿಟಾರಿನ ಕಡೆ ಓವರ್‌ಡ್ರೈವ್, ಆಮೇಲೆ ಡಿಸ್ಟಾರ್ಷನ್. ಓವರ್‌ಡ್ರೈವ್‌ನ ಡ್ರೈವ್ ಸೊನ್ನೆ ಹತ್ತಿರ, ಲೆವೆಲ್ ಮೇಲೆ. ಮುಂದಿನ ಪೆಡಲ್‌ಗೆ ಹೋಗುವ ಮೊದಲೇ ಕೆಳಗಿನ ದಪ್ಪ ಸದ್ದು ಸ್ವಲ್ಪ ಕಳೆದು ರಿಫ್ ಬಿಗಿಯಾಗುತ್ತದೆ. ಉಲ್ಟಾ ಮಾಡಿದರೆ ಪೆಡಲ್ ಏನೂ ಸುಡುವುದಿಲ್ಲ, ಅದನ್ನೂ ಒಮ್ಮೆ ಮಾಡಿ ನೋಡಿ. ಡಿಲೇ, ರಿವರ್ಬ್ (ಪ್ರತಿಧ್ವನಿ ಕೊಡುವ ಪೆಡಲ್‌ಗಳು) ಮಾತ್ರ ಇವೆರಡರ ಹಿಂದೆಯೇ ಇರಲಿ, ಅಂದರೆ ಆಂಪ್‌ನ ಕಡೆ.