ಟೆಸ್ಟೇ ಇಲ್ಲದ ಜಾವಾಸ್ಕ್ರಿಪ್ಟ್ ಆ್ಯಪ್‌ಗೆ ಟೆಸ್ಟ್ ಓಡಿಸುವ ಟೂಲ್ ಆಗಿ ಜೆಸ್ಟ್ ಹಾಕಲೋ, ವೀಟೆಸ್ಟ್ ಹಾಕಲೋ? ಶೇ. 80 ಕವರೇಜ್ (ಟೆಸ್ಟ್ ವೇಳೆ ಓಡಿದ ಕೋಡಿನ ಪಾಲು) ಬೇಗ ತಲುಪುವುದು ಹೇಗೆ?

ನಾನೂ ಇದೇ ಎರಡು ಪ್ರಶ್ನೆ ಹಿಡಿದುಕೊಂಡು ಶುರು ಮಾಡಿದವನು. ಮೊದಲನೆಯದು ಬೇಗ ಮುಗಿಯುತ್ತದೆ: ಆ್ಯಪ್ ವೀಟ್ ಎಂಬ ಬಿಲ್ಡ್ ಟೂಲ್‌ನಲ್ಲಿ ಬಿಲ್ಡ್ ಆಗುತ್ತಿದ್ದರೆ ವೀಟೆಸ್ಟ್ ಹಾಕಿ, ಅದೇ ಕಾನ್ಫಿಗ್ ಸಾಕಾಗುತ್ತದೆ. ಇಲ್ಲದಿದ್ದರೆ ಜೆಸ್ಟ್ ಹಾಕಿದರೂ ನಷ್ಟವಿಲ್ಲ.

ಎರಡನೆಯ ಪ್ರಶ್ನೆಯನ್ನೇ ಬಿಟ್ಟುಬಿಡಿ. ನಮ್ಮಲ್ಲಿ ಶೇ. 80 ದಾಟಿತ್ತು, ಎಲ್ಲ ಟೆಸ್ಟೂ ಹಸಿರು. ಆದರೂ ಪಾವತಿ ವಿಫಲವಾದವರಿಗೆ ‘ಆರ್ಡರ್ ಆಗಿದೆ’ ಎಂಬ ಪುಟ ತೆರೆಯುತ್ತಿತ್ತು. ಅದನ್ನು ತಡೆಯಲೆಂದೇ ಬರೆದ ಟೆಸ್ಟ್ ಕೂಡ ಪಾಸ್ ಆಗುತ್ತಿತ್ತು.

ತಪ್ಪು ನನ್ನದೇ. ಪಾವತಿ ಫಂಕ್ಷನ್ ಕರೆದು, ಅದಕ್ಕೆ ಡಾಟ್ ಕ್ಯಾಚ್ (ದೋಷ ಬಂದರೆ ಮಾತ್ರ ಓಡುವ ಭಾಗ) ಹಚ್ಚಿ, ಫಲಿತಾಂಶ ಪರಿಶೀಲಿಸುವ ಎಕ್ಸ್‌ಪೆಕ್ಟ್ ಸಾಲನ್ನು ಆ ಕ್ಯಾಚ್ ಒಳಗೆ ಇಟ್ಟಿದ್ದೆ. ಅದರಲ್ಲಿ ಎರಡು ತೂತು. ಒಂದು, ಪ್ರಾಮಿಸನ್ನು (ಇನ್ನೂ ಬರಬೇಕಾದ ಫಲಿತಾಂಶದ ಬದಲು ಫಂಕ್ಷನ್ ಕೊಡುವ ಆಬ್ಜೆಕ್ಟ್) ರಿಟರ್ನ್ ಮಾಡಿರಲಿಲ್ಲ. ಟೆಸ್ಟ್ ರನ್ನರ್ ಕಾಯುವುದು ನಾವು ಅದರ ಕೈಗೆ ಕೊಟ್ಟ ಪ್ರಾಮಿಸ್‌ಗೆ ಮಾತ್ರ. ಏನೂ ಕೊಡದಿದ್ದರೆ ಫಂಕ್ಷನ್ನಿನ ಕೊನೆಯ ಸಾಲು ಮುಗಿದೊಡನೆ ಪಾಸ್ ಎಂದು ಬರೆದು ಮುಂದಕ್ಕೆ ಹೋಗುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಯಾರೋ ಕೋಡ್ ತಿದ್ದುವಾಗ ಪಾವತಿ ಫಂಕ್ಷನ್ ದೋಷವನ್ನು ಎಸೆಯುವ ಬದಲು ಒಳಗೇ ನುಂಗಿ ನಲ್ (ಖಾಲಿ ಮೌಲ್ಯ) ಕೊಡತೊಡಗಿತು. ದೋಷವೇ ಹೊರಬರದ ಮೇಲೆ ಕ್ಯಾಚ್ ಓಡುವುದಿಲ್ಲ, ಎಕ್ಸ್‌ಪೆಕ್ಟ್ ಕೂಡ ಓಡುವುದಿಲ್ಲ. ಒಂದೂ ಪರಿಶೀಲನೆ ನಡೆಯದ ಟೆಸ್ಟ್ ಸೋಲುವುದಾದರೂ ಹೇಗೆ? ರಿಟರ್ನ್ ಇದ್ದಿದ್ದರೂ ಈ ತೂತು ಮುಚ್ಚುತ್ತಿರಲಿಲ್ಲ. ಕವರೇಜ್ ಮಾತ್ರ ಏರುತ್ತಲೇ ಇತ್ತು, ಏಕೆಂದರೆ ಅದು ಎಣಿಸುವುದು ಓಡಿದ ಸಾಲುಗಳನ್ನು, ಪರಿಶೀಲಿಸಿದ ಸಾಲುಗಳನ್ನಲ್ಲ.

ಈಗ ಅದನ್ನು ‘ಅವೇಟ್ ಎಕ್ಸ್‌ಪೆಕ್ಟ್(...).ರಿಜೆಕ್ಟ್ಸ್.ಟುಥ್ರೋ’ ಎಂದೇ ಬರೆಯುತ್ತೇನೆ. ಪ್ರಾಮಿಸ್ ಯಶಸ್ವಿಯಾಗಿಬಿಟ್ಟರೆ ಟೆಸ್ಟ್ ಸೋಲುತ್ತದೆ, ನಮಗೆ ಬೇಕಾದದ್ದೂ ಅದೇ. ಟುಥ್ರೋ ಒಳಗೆ ದೋಷದ ಸಂದೇಶವನ್ನೂ ಕೊಡಿ. ಇಲ್ಲದಿದ್ದರೆ ವೇರಿಯಬಲ್ ಹೆಸರು ತಪ್ಪಿ ಬಂದ ರೆಫರೆನ್ಸ್‌ಎರರ್ ಕೂಡ ಪಾಸ್ ಆಗುತ್ತದೆ. ಜೊತೆಗೆ ಸೆಟಪ್ ಫೈಲಿನ ಬಿಫೋರ್‌ಈಚ್ (ಪ್ರತಿ ಟೆಸ್ಟ್‌ಗೂ ಮೊದಲು ಓಡುವ ಭಾಗ) ಒಳಗೆ ‘ಎಕ್ಸ್‌ಪೆಕ್ಟ್.ಹ್ಯಾಸ್‌ಅಸರ್ಷನ್ಸ್()’ ಹಾಕಿ. ಒಂದೂ ಎಕ್ಸ್‌ಪೆಕ್ಟ್ ಓಡದ ಟೆಸ್ಟ್ ಆಗ ಕೆಂಪಾಗುತ್ತದೆ. ಜೆಸ್ಟ್, ವೀಟೆಸ್ಟ್ ಎರಡರಲ್ಲೂ ಇದು ನಡೆಯುತ್ತದೆ.

ಹೊಸ ಟೆಸ್ಟ್ ಬರೆದ ಮೇಲೆ ಮೂಲ ಕೋಡನ್ನು ಬೇಕೆಂದೇ ಒಮ್ಮೆ ಕೆಡಿಸಿ ನೋಡಿ. ಟೆಸ್ಟ್ ಕೆಂಪಾಗದಿದ್ದರೆ ಅದನ್ನು ಕಮಿಟ್ ಮಾಡಬೇಡಿ.

ಸೆಟಪ್‌ನಲ್ಲಿ ಎಲ್ಲರೂ ಎಡವುವ ಜಾಗ ಜೆಎಸ್‌ಡಾಮ್, ಅಂದರೆ ಬ್ರೌಸರಿನ ಡಾಮ್ (ಪುಟದ ಎಲಿಮೆಂಟುಗಳ ರಚನೆ) ಅನುಕರಿಸುವ ಪ್ಯಾಕೇಜ್. ‘ಡಾಕ್ಯುಮೆಂಟ್ ಈಸ್ ನಾಟ್ ಡಿಫೈನ್ಡ್’ ಎಂದು ಬಂದರೆ ಟೆಸ್ಟ್ ಬ್ರೌಸರ್ ಇಲ್ಲದ ನೋಡ್.ಜೆಎಸ್ ಪರಿಸರದಲ್ಲಿ ಓಡುತ್ತಿದೆ ಎಂದರ್ಥ. ವೀಟೆಸ್ಟ್‌ಗೆ ಜೆಎಸ್‌ಡಾಮ್ ಪ್ಯಾಕೇಜ್ ಹಾಕಿ. ಜೆಸ್ಟ್ 28ರಿಂದ ಈಚೆಗೆ ಅದರ ಜೆಎಸ್‌ಡಾಮ್ ಎನ್ವಿರಾನ್ಮೆಂಟ್ ಪ್ಯಾಕೇಜನ್ನೂ ಬೇರೆಯಾಗಿಯೇ ಇನ್‌ಸ್ಟಾಲ್ ಮಾಡಬೇಕು. ನಂತರ ಕಾನ್ಫಿಗ್‌ನಲ್ಲಿ ಎನ್ವಿರಾನ್ಮೆಂಟ್ ಬದಲಿಸಿ. ಆದರೆ ಜೆಎಸ್‌ಡಾಮ್ ಲೇಔಟ್ ಲೆಕ್ಕ ಹಾಕುವುದಿಲ್ಲ, ಎಲಿಮೆಂಟಿನ ಅಗಲ, ಎತ್ತರ ಕೇಳಿದರೆ ಸೊನ್ನೆ ಬರುತ್ತದೆ. ಅಂಥ ಪರೀಕ್ಷೆಯನ್ನು ನಿಜವಾದ ಬ್ರೌಸರಿಗೇ ಬಿಡಿ.

ಮೊದಲ ವಾರ ಡಾಮ್ ಮುಟ್ಟಲೇಬೇಡಿ. ಬೆಲೆ ಲೆಕ್ಕ, ದಿನಾಂಕ, ಫಾರಂ ತಪಾಸಣೆಯಂಥ ತರ್ಕವನ್ನು ಕಾಂಪೊನೆಂಟ್‌ಗಳಿಂದ ಹೊರತೆಗೆದು ಬೇರೆ ಫೈಲಿಗೆ ಹಾಕಿ, ಅದಕ್ಕೆ ಟೆಸ್ಟ್ ಬರೆಯಿರಿ. ಹಣ ಮುಟ್ಟುವ ಫಂಕ್ಷನ್ ಇದ್ದರೆ ಅದು ಸೋಲುವ ದಾರಿಯಿಂದಲೇ ಆರಂಭಿಸಿ.