ಸ್ಕೈವಾಕ್ ಅರ್ಜಿಗೆ ಸಹಿ ಹಾಕಲಾ?

ಪ್ರಶ್ನೆ: ನಮ್ಮ ಬಡಾವಣೆ ಮುಂದೆ ನಾಲ್ಕು ಲೇನಿನ ರಸ್ತೆ ಇದೆ. ಬಸ್ ಸ್ಟಾಪು, ತರಕಾರಿ ಅಂಗಡಿ ಎಲ್ಲಾ ಆಚೆ ಬದಿ. ದಾಟುವುದೇ ದೊಡ್ಡ ಕೆಲಸ. ಸ್ಕೈವಾಕ್ ಕಟ್ಟಿಸಿ ಅಂತ ನಿವಾಸಿಗಳ ಸಂಘದವರು ಅರ್ಜಿ ಬರೆದು ನನ್ನ ಸಹಿ ಕೇಳುತ್ತಿದ್ದಾರೆ. ನನಗೆ ಮಂಡಿನೋವು. ಹಾಕಲಾ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಹಾಕಬೇಡಿ ಅಮ್ಮ.

ರಸ್ತೆ ಕೆಲಸ ಮಾಡಿಸಿ ನಿವೃತ್ತನಾದ ಎಂಜಿನಿಯರ್ ನಾನು, ಲೆಕ್ಕ ಹಾಕದೆ ಮಾತಾಡಲು ಬರುವುದಿಲ್ಲ. ನಗರದ ರಸ್ತೆ ಮೇಲೆ ಸೇತುವೆ ಕಟ್ಟಿದರೆ ಕೆಳಗೆ 5.5 ಮೀಟರ್ ಎತ್ತರ ಬಿಡಬೇಕು. ಮೆಟ್ಟಿಲಿಗೆ 15 ಸೆಂ.ಮೀ. ಅಂತ ಹಿಡಿದರೆ, ಸೇತುವೆಯ ದಪ್ಪವೂ ಸೇರಿ ಸುಮಾರು 40 ಮೆಟ್ಟಿಲು. ಹತ್ತಿ, ಮತ್ತೆ ಅಷ್ಟೇ ಇಳಿಯಬೇಕು. ದಾಟುವುದು ಎಷ್ಟು? ಲೇನಿಗೆ 3.5 ಮೀಟರ್‌ನಂತೆ ಬರೀ 14 ಮೀಟರ್! ಲಿಫ್ಟ್ ಇರುತ್ತದೆ ಅಂತಾರೆ. ಇರುತ್ತದೆ, ಓಡುತ್ತಾ ಅನ್ನುವುದು ಬೇರೆ ಮಾತು. ಬೆಂಗಳೂರಿನ ಎಷ್ಟೋ ಸ್ಕೈವಾಕ್‌ಗಳು ಜಾಹೀರಾತು ಹಕ್ಕಿನ ಮೇಲೆ ಎದ್ದವು. ಕಟ್ಟಿದವರಿಗೆ ದುಡ್ಡು ಬರುವುದು ನೀವು ಹತ್ತಿದ್ದಕ್ಕಲ್ಲ, ಕೆಳಗೆ ಹೋಗುವವರು ಫಲಕ ನೋಡಿದ್ದಕ್ಕೆ.

ಬೇರೆ ಅರ್ಜಿ ಬರೆಯಿರಿ. ಎತ್ತರಿಸಿದ ಜೀಬ್ರಾ ಕ್ರಾಸಿಂಗ್ ಕೇಳಿ. ಅಗಲವಾದ ಹಂಪ್, ಮೇಲೆ ಚಪ್ಪಟೆ, ಫುಟ್‌ಪಾತ್ ಮಟ್ಟಕ್ಕೇ ಇರುತ್ತದೆ. ನೀವು ಇಳಿಯಬೇಕಾಗಿಲ್ಲ, ಗಾಡಿಯೇ ಹತ್ತಬೇಕು, ಹತ್ತಬೇಕಾದರೆ ವೇಗ ಇಳಿಸಲೇಬೇಕು. ನಡುವಿನ ಡಿವೈಡರ್‌ನಲ್ಲಿ ನಿಂತು ಸುಧಾರಿಸಿಕೊಳ್ಳಲು ಜಾಗ ಕೇಳಿ. ಅಲ್ಲಿ ಸಿಗ್ನಲ್ ಹಾಕುವುದಾದರೆ ಸೆಕೆಂಡುಗಳ ಬಗ್ಗೆ ಹಟ ಹಿಡಿಯಿರಿ. ಲೆಕ್ಕ ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆಯದು, ಅಂದರೆ 12 ಸೆಕೆಂಡ್. ನಿಮ್ಮ ಮಂಡಿ 0.8 ಮೀಟರ್ ನಡೆದರೆ ಹೆಚ್ಚು. ಆಗ 18 ಬೇಕು.

ಹಾಗೇ ಒಂದು ಟೇಪ್ ತೆಗೆದುಕೊಂಡು ಫುಟ್‌ಪಾತ್ ಅಳೆಯಿರಿ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಪ್ರಕಾರ ನಡೆಯಲು ಅಡ್ಡಿಯಿಲ್ಲದೆ 1.8 ಮೀಟರ್ ಅಗಲ ಇರಬೇಕು, ಎತ್ತರ 150 ಮಿ.ಮೀ. ದಾಟಬಾರದು. ಕಂಬ, ಟ್ರಾನ್ಸ್‌ಫಾರ್ಮರ್, ಮನೆಯವರ ಕಾರಿನ ಇಳಿಜಾರು ಕಳೆದು ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಫೋಟೊ ಜೊತೆಗಿಡಿ. ಕೊನೆಗೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಸೆಕ್ಷನ್ ನಮೂದಿಸಿ. ವಿನ್ಯಾಸದ ಮಾನದಂಡ ಪಾಲಿಸದೆ ಯಾರಾದರೂ ಸತ್ತರೆ, ಅಂಗ ಊನವಾದರೆ, ಹೊಣೆ ಹೊತ್ತ ಅಧಿಕಾರಿ ಅಥವಾ ಗುತ್ತಿಗೆದಾರರಿಗೆ 1 ಲಕ್ಷದವರೆಗೆ ದಂಡ. ಸುಮ್ನೆ 'ದಯವಿಟ್ಟು ಪರಿಶೀಲಿಸಿ' ಅಂತ ಬರೆದ ಕಾಗದ ಫೈಲಿನಲ್ಲೇ ಮಲಗುತ್ತದೆ. ಸೆಕ್ಷನ್ ನಂಬರ್ ಕಂಡರೆ ಮೇಜಿನವರು ಒಮ್ಮೆ ಕನ್ನಡಕ ಸರಿ ಮಾಡಿಕೊಳ್ಳುತ್ತಾರೆ.

ಪ್ರಶ್ನೆ: ಜಯನಗರದ ಸೈಕಲ್ ಪಥ ಕಾರು ಪಾರ್ಕಿಂಗ್ ಆಗಿಹೋಯಿತು. ಮತ್ತೆ ಅದಕ್ಕೇ ದುಡ್ಡು ಹಾಕುವುದು ದಂಡ ಅಲ್ವಾ?
– ಇನ್ನೊಬ್ಬ ಓದುಗರು

ಉತ್ತರ: ಬಣ್ಣ ಬಳಿಯುವುದಾದರೆ ದಂಡವೇ. ನೆಲದ ಮೇಲಿನ ಪಟ್ಟೆಗೆ ಯಾವ ಕಾರೂ ಹೆದರುವುದಿಲ್ಲ. ಅಂಚಿಗೆ ಕಲ್ಲು ಕಟ್ಟಿ, ಬಾಯಿಯಲ್ಲಿ ಗಟ್ಟಿ ಕಂಬ ನೆಡಬೇಕು. ಕಂಬಗಳ ನಡುವೆ 1.2 ಮೀಟರ್ ಬಿಟ್ಟರೆ ಸೈಕಲ್ಲು, ವೀಲ್‌ಚೇರು ಆರಾಮಾಗಿ ಹೋಗುತ್ತವೆ, ಆಟೊ ನುಗ್ಗಲು ಆಗುವುದಿಲ್ಲ. ಬೈಕು ನುಗ್ಗುತ್ತದೆ. ಅದಕ್ಕೆ ಕಂಬ ಸಾಲದು, ಟ್ರಾಫಿಕ್ ಪೊಲೀಸರೇ ನಿಲ್ಲಬೇಕು.